ಪಪೆಟ್ (ಮಷಿನ್‌ಗಳ ಸೆಟ್ಟಿಂಗ್ ತಾನಾಗಿ ಸರಿಯಾಗಿಡುವ ಟೂಲ್) ರನ್ ಅಪ್‌ಲೋಡ್ ಫೋಲ್ಡರ್‌ನ ಫೈಲ್ ಪರ್ಮಿಷನ್ ಹತ್ತಿರ ಬಂದು ನಿಂತುಬಿಡುತ್ತದೆ, ಸರ್ವರ್‌ಗೆ ರ‍್ಯಾಮ್ ಹೆಚ್ಚಿಸಲಾ ಅಥವಾ ಅದೇ ಕೆಲಸದ ಇನ್ನೊಂದು ಟೂಲ್ ಆನ್ಸಿಬಲ್‌ಗೆ ಹೋಗಲಾ?

ಎರಡೂ ಬೇಡ. ಅಪ್‌ಲೋಡ್ ಫೋಲ್ಡರ್, ಅದರ ಮೇಲೆ ರಿಕರ್ಸ್ ಟ್ರೂ (ಒಳಗಿನ ಎಲ್ಲ ಫೈಲ್‌ಗೂ ಅನ್ವಯಿಸು ಅನ್ನುವ ಸೆಟ್ಟಿಂಗ್), ಮುಗಿಯದೇ ಎಳೆಯುವ ರನ್, ಇದೆಲ್ಲ ನಾನೂ ಅನುಭವಿಸಿದ್ದೇನೆ.

ಒಂದು ಸಲ ಯಾರೋ ರೂಟ್ ಆಗಿ ಬ್ಯಾಕಪ್‌ನಿಂದ ಫೋಟೋಗಳನ್ನು ವಾಪಸ್ ಹಾಕಿದ್ದರು. ವೆಬ್ ಸರ್ವರ್‌ಗೆ ಅವನ್ನು ಓದಲು ಆಗಲಿಲ್ಲ. ಮತ್ತೆ ಹೀಗಾಗಬಾರದು ಅಂತ ನಾನು ಪಪೆಟ್ ಏನು ಮಾಡಬೇಕು ಅಂತ ಬರೆಯುವ ಮ್ಯಾನಿಫೆಸ್ಟ್ ಫೈಲ್‌ನಲ್ಲಿ ಆ ಫೋಲ್ಡರ್‌ಗೆ ಓನರ್, ಗ್ರೂಪ್, ಮೋಡ್ ಬರೆದು ರಿಕರ್ಸ್ ಹಾಕಿದೆ. ಆಗ ಅಲ್ಲಿದ್ದದ್ದು ಕೆಲವೇ ಸಾವಿರ ಫೈಲ್. ವರ್ಷ ಕಳೆಯುವಷ್ಟರಲ್ಲಿ 1,80,000 ಆಗಿತ್ತು. ರನ್ 24 ನಿಮಿಷ ಹಿಡಿಯುತ್ತಿತ್ತು, ಅರ್ಧ ಗಂಟೆಗೆ ಮುಂದಿನದು ಶುರು.

ನನ್ನ ತಪ್ಪು ಆ ಸಾಲು ಹಾಕಿದ್ದಲ್ಲ, ಲಾಗ್ ಓದಿದ ರೀತಿ. ಕೊನೆಯಲ್ಲಿ 'ಅಪ್ಲೈಡ್ ಕ್ಯಾಟಲಾಗ್ ಇನ್ 1440 ಸೆಕೆಂಡ್ಸ್' ಅಂತ ಬರುತ್ತಿತ್ತು. ಕ್ಯಾಟಲಾಗ್, ಅಂದರೆ ಒಂದು ಮಷಿನ್ ಹೇಗಿರಬೇಕು ಅನ್ನುವ ಪಟ್ಟಿ, ತಯಾರಾಗುವುದು ಪಪೆಟ್ ಸರ್ವರ್‌ನಲ್ಲಿ ಅಲ್ವಾ, ಹಾಗಾಗಿ ನಿಧಾನ ಅಲ್ಲೇ ಅಂದುಕೊಂಡೆ. ಎರಡು ಸಲ ರ‍್ಯಾಮ್ ಹೆಚ್ಚಿಸಿದೆ, ಕ್ಯಾಟಲಾಗ್ ತಯಾರಿಸುವ ಜೆರೂಬಿ ಇನ್‌ಸ್ಟನ್ಸ್ ಜಾಸ್ತಿ ಮಾಡಿದೆ, ಮೂರು ವಾರ ಹೋಯಿತು. ಆದರೆ ಆ ಸಾಲು ಸರ್ವರ್‌ದೇ ಅಲ್ಲ! ಸರ್ವರ್ ಕೊಟ್ಟ ಕ್ಯಾಟಲಾಗನ್ನು ಏಜೆಂಟ್ (ಪ್ರತಿ ಮಷಿನ್‌ನಲ್ಲಿ ಓಡುವ ಪಪೆಟ್ ಪ್ರೋಗ್ರಾಂ) ತನ್ನ ಮಷಿನ್‌ನಲ್ಲಿ ಜಾರಿ ಮಾಡಲು ತೆಗೆದುಕೊಂಡ ಸಮಯ ಅದು. ಸರ್ವರ್‌ನ ಸಮಯ ಬೇಕಿದ್ದರೆ ಸರ್ವರ್ ಲಾಗ್‌ನಲ್ಲಿ 'ಕಂಪೈಲ್ಡ್ ಕ್ಯಾಟಲಾಗ್' ಅಂತ ಬೇರೆ ಸಾಲು ಇರುತ್ತದೆ. ನಮ್ಮದು ಅಲ್ಲಿ 3 ಸೆಕೆಂಡ್ ಇತ್ತು. 3 ಎಲ್ಲಿ, 1440 ಎಲ್ಲಿ! ಇದನ್ನು ಮೊದಲ ದಿನವೇ ನೋಡಿದ್ದರೆ ಸರ್ವರ್ ಮುಟ್ಟುತ್ತಲೇ ಇರಲಿಲ್ಲ. ನೀವು ಮೊದಲು ಈ ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿ.

ಆಮೇಲೆ ಏಜೆಂಟನ್ನು ಕೈಯಿಂದ ಇವ್ಯಾಲ್‌ಟ್ರೇಸ್ ಆಪ್ಷನ್ ಹಾಕಿ ಓಡಿಸಿ. ಪ್ರತಿ ರಿಸೋರ್ಸ್‌ಗೆ (ಪಪೆಟ್ ನೋಡಿಕೊಳ್ಳುವ ಒಂದೊಂದು ಫೈಲ್, ಪ್ಯಾಕೇಜ್‌ನಂಥದಕ್ಕೆ) ಎಷ್ಟು ಹೊತ್ತು ಅಂತ ಬರುತ್ತದೆ. ಸಮಯದ ಪ್ರಕಾರ ಸುಮ್ನೆ ಸಾರ್ಟ್ ಮಾಡಿದರೆ ಸಾಲದು. ನಾನು ಹಾಗೆ ಮಾಡಿದಾಗ ಮೇಲೆ ಬಂದದ್ದು ಎರಡು ಸೆಕೆಂಡಿನ ಒಂದು ಪ್ಯಾಕೇಜ್. ಕೆಳಗೆ ಮಾತ್ರ 0.01 ಸೆಕೆಂಡ್, 0.01 ಸೆಕೆಂಡ್ ಅಂತ ಒಂದೊಂದು ಥಂಬ್‌ನೇಲ್‌ನ ಹೆಸರು ಓಡುತ್ತಲೇ ಇತ್ತು. ಸಾಲುಗಳನ್ನು ಎಣಿಸಿದಾಗಲೇ ಗೊತ್ತಾದದ್ದು. ರಿಕರ್ಸ್ ಅಂದರೆ ಪಪೆಟ್ ಒಂದೊಂದು ಫೈಲನ್ನೂ ಬೇರೆ ರಿಸೋರ್ಸ್ ಮಾಡುತ್ತದೆ, ಓನರ್, ಗ್ರೂಪ್, ಮೋಡ್ ಹೋಲಿಸುತ್ತದೆ. ಏನೂ ಬದಲಾಗದಿದ್ದರೂ ಅಷ್ಟೂ ಕೆಲಸ ಆಗಲೇಬೇಕು. ಫೋಲ್ಡರ್ ಎನ್‌ಎಫ್‌ಎಸ್ (ನೆಟ್‌ವರ್ಕ್ ಮೂಲಕ ಬಳಸುವ ಸ್ಟೋರೇಜ್) ಮೇಲಿದ್ದರೆ ನೆಟ್‌ವರ್ಕ್ ಓಡಾಟವೂ ಸೇರುತ್ತದೆ. ಆನ್ಸಿಬಲ್‌ನ ಫೈಲ್ ಮಾಡ್ಯೂಲ್‌ನಲ್ಲಿ ರಿಕರ್ಸ್ ಹಾಕಿದರೂ ಅದು ಒಂದೊಂದೇ ಫೈಲ್ ನೋಡುತ್ತಾ ಹೋಗುತ್ತದೆ, ಅದಕ್ಕೇ ಟೂಲ್ ಬದಲಿಸಬೇಡಿ ಅಂದೆ.

ಇದನ್ನು ವೇಗ ಮಾಡುವುದು ಹೇಗೆ ಅಂತ ಕೇಳುವುದೇ ಸರಿ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಪ್ಲಿಕೇಶನ್ ಹುಟ್ಟಿಸುವ ಫೈಲ್‌ಗಳು ಪಪೆಟ್‌ನ ಪಾಲಿನವು ಅಲ್ಲ. ಅವು ಹುಟ್ಟುವಾಗಲೇ ಸರಿಯಾದ ಪರ್ಮಿಷನ್ ಇರಬೇಕು. ರಿಕರ್ಸ್ ತೆಗೆದು ಮೇಲಿನ ಫೋಲ್ಡರ್‌ಗೆ ಮಾತ್ರ 2775 ಮೋಡ್ ಕೊಡಿ, ಮೊದಲಿನ 2 ಇರುವುದರಿಂದ ಹೊಸ ಫೈಲ್‌ಗೆ ಆ ಫೋಲ್ಡರ್‌ನ ಗ್ರೂಪ್ ತಾನಾಗಿ ಬರುತ್ತದೆ. ಸರ್ವಿಸ್‌ನ ಸಿಸ್ಟಮ್‌ಡಿ ಯುನಿಟ್‌ನಲ್ಲಿ (ಸರ್ವಿಸ್ ಹೇಗೆ ಶುರುವಾಗಬೇಕು ಅಂತ ಹೇಳುವ ಫೈಲ್) ಯುಮಾಸ್ಕ್ 0002 ಮಾಡಿ, ಹೊಸ ಫೈಲ್‌ಗೆ ಗ್ರೂಪ್‌ನ ಬರೆಯುವ ಪರ್ಮಿಷನ್ ಉಳಿಯುತ್ತದೆ. ಈಗಾಗಲೇ ಒಳಗಿರುವ ಫೈಲ್, ಫೋಲ್ಡರ್‌ಗಳನ್ನು ಕೈಯಿಂದ ಒಂದು ಸಲ ಸರಿಮಾಡಿ. ನಮ್ಮ ರನ್ 40 ಸೆಕೆಂಡ್‌ಗೆ ಇಳಿಯಿತು.

ಒಂದು ಕಡೆ ಮಾತ್ರ ಹುಷಾರಾಗಿರಿ. ಫೈಲನ್ನು ಟೆಂಪ್ ಫೋಲ್ಡರ್‌ನಲ್ಲಿ ಬರೆದು ಆಮೇಲೆ ಮೂವ್ ಮಾಡಿದರೆ ಹಳೇ ಗ್ರೂಪ್ ಜೊತೆಗೇ ಬರುತ್ತದೆ, 2775 ಅಲ್ಲಿ ಕೆಲಸ ಮಾಡಲ್ಲ. ನಿಮ್ಮ ಅಪ್‌ಲೋಡ್ ಕೋಡ್ ಹಾಗೆ ಮಾಡುತ್ತಿದ್ದರೆ, ಟೆಂಪ್ ಫೋಲ್ಡರನ್ನೂ ಅಪ್‌ಲೋಡ್ ಫೋಲ್ಡರ್ ಒಳಗೇ ಇಟ್ಟುಬಿಡಿ.