ನರ್ಸೇ ದಪ್ಪ ಇದ್ರೆ ಪೇಷೆಂಟ್ ಮಾತು ಕೇಳ್ತಾರಾ?

ಪ್ರಶ್ನೆ: ಮೇಡಂ, ನಾನು ತಾಲೂಕು ಆಸ್ಪತ್ರೇಲಿ ಸ್ಟಾಫ್ ನರ್ಸ್. ವಯಸ್ಸು 38, ಎತ್ತರ 155 ಸೆಂ.ಮೀ, ತೂಕ 74 ಕೆ.ಜಿ. ಎನ್‌ಸಿಡಿ (ಅಂಟದ ಕಾಯಿಲೆಗಳ) ಕ್ಲಿನಿಕ್‌ಗೆ ಹಾಕಿದಾರೆ, ಬಿಪಿ ಶುಗರ್ ನೋಡಿ ತೂಕ ಇಳಿಸಿ ಅಂತ ಹೇಳೋದೇ ಕೆಲಸ. ಮೊನ್ನೆ ಒಬ್ರು ಅಜ್ಜಿ "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ, ಮೊದ್ಲು ನೀನು ಇಳ್ಸವ್ವ" ಅಂದ್ಬಿಟ್ರು, ಕ್ಯೂನಲ್ಲಿದ್ದೋರೆಲ್ಲ ನಕ್ರು. ಅವತ್ತಿಂದ ತೂಕದ ಸುದ್ದಿನೇ ಎತ್ತಲ್ಲ, ಮಾತ್ರೆ ಕೊಟ್ಟು ಕಳಿಸ್ತೀನಿ. ನಾನು ಈ ಕೆಲ್ಸಕ್ಕೆ ಲಾಯಕ್ಕಾ?
– ಹೆಸರು ಬೇಡ, ತುಮಕೂರು ಜಿಲ್ಲೆ

ಉತ್ತರ: ಲಾಯಕ್ಕೇ ಸಿಸ್ಟರ್, ಆದ್ರೆ ಬಾಯಿ ಮುಚ್ಕೊಂಡಿರೋದು ಮಾತ್ರ ಸರಿಯಿಲ್ಲ. ನೀವೊಬ್ರೇ ಅಲ್ಲ ಬಿಡಿ. ಅಮೆರಿಕಾದಲ್ಲಿ 500 ಡಾಕ್ಟರ್‌ಗಳನ್ನ ಕೇಳಿ 2012ರಲ್ಲಿ ಒಂದು ಅಧ್ಯಯನ ಬಂತು, ದಪ್ಪ ಇರೋ ಪೇಷೆಂಟ್ ಜೊತೆ ತೂಕದ ಮಾತು ಎತ್ತೋರು ಸರಿಯಾದ ತೂಕದ ಡಾಕ್ಟರ್‌ಗಳಲ್ಲಿ 30 ಪರ್ಸೆಂಟ್ ಇದ್ರೆ, ತೂಕ ಜಾಸ್ತಿ ಇರೋ ಡಾಕ್ಟರ್‌ಗಳಲ್ಲಿ ಬರೀ 18. ಅಂದ್ರೆ ನಮ್ಮ ಸಂಕೋಚಕ್ಕೆ ಪೇಷೆಂಟ್ ದಂಡ ಕಟ್ತಾರೆ.

ಮಾದರಿ ಅಂದ್ರೆ ಸಣ್ಣ ಇರ್ಬೇಕು ಅನ್ನೋದನ್ನ ನಾನು ಒಪ್ಪಲ್ಲ. ಸಿಗರೇಟ್ ವಿಷಯ ಬೇರೆ, 1951ರಲ್ಲಿ ಡಾಲ್ ಮತ್ತು ಹಿಲ್ ಅನ್ನೋ ಸಂಶೋಧಕರು ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರೋ ನಂಟು ನೋಡೋಕೆ ಬ್ರಿಟನ್ ಡಾಕ್ಟರ್‌ಗಳ ಮೇಲೆ ಅಧ್ಯಯನ ಶುರು ಮಾಡಿದ್ಮೇಲೆ ಅಲ್ಲಿ ಎಷ್ಟೋ ಡಾಕ್ಟರ್‌ಗಳು ತಾವೇ ಸಿಗರೇಟ್ ಬಿಟ್ರು. ಊಟ ಹಾಗೆ ಬಿಡೋಕಾಗತ್ತಾ? ಅದ್ರಲ್ಲೂ ನೈಟ್ ಡ್ಯೂಟಿ ಮಾಡೋರಿಗೆ ನಿದ್ದೆ ಕೆಟ್ಟು ಹಸಿವಿನ ಹಾರ್ಮೋನೇ ಏರುಪೇರಾಗತ್ತೆ, ರಾತ್ರಿ ಎರಡು ಗಂಟೆಗೆ ವಾರ್ಡಲ್ಲಿ ಸಿಗೋದು ಸಕ್ಕರೆ ಟೀ, ಕ್ರೀಮ್ ಬಿಸ್ಕೆಟ್, ಡಿಸ್ಚಾರ್ಜ್ ಆದೋರು ಕೊಟ್ಟುಹೋದ ಸ್ವೀಟ್ ಬಾಕ್ಸು. ಡಯಾಬಿಟಿಸ್ ದಿನದ ಮೀಟಿಂಗಲ್ಲೇ ಬೋಂಡ ಜಾಮೂನು ಹಂಚೋ ನಮ್ಮ ಆಸ್ಪತ್ರೆಗಳು ಮೊದ್ಲು ಮಾದರಿ ಆಗ್ಲಿ ಅಂತೀನಿ ನಾನು.

ಹಾಗಂತ ನಿಮ್ಮ ತೂಕ ಪರವಾಗಿಲ್ಲ ಅಂತ ಹೇಳಲ್ಲ. ನಿಮ್ಮ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ) 30.8 ಬರತ್ತೆ, ನಮ್ಮ ದೇಶದೋರಿಗೆ 25 ದಾಟಿದ್ರೇನೇ ಬೊಜ್ಜು ಅಂತ ಲೆಕ್ಕ. ಬಿಪಿ ಶುಗರ್ ತರದ ಕಾಯಿಲೆ ಬರೋ ಅಪಾಯಕ್ಕೆ ಅಂಕ ಹಾಕೋಕೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ತರೋ ಸಿಬ್ಯಾಕ್ ಫಾರಂ ನಿಮ್ಗೆ ಗೊತ್ತೇ ಇದೆ, ಹೆಂಗಸ್ರಿಗೆ ಸೊಂಟ 80 ಸೆಂ.ಮೀ ದಾಟಿದ್ರೆ ಒಂದು ಅಂಕ, 90 ದಾಟಿದ್ರೆ ಎರಡು. ಆ ಫಾರಂ ನಿಮ್ಗೂ ಒಂದು ತುಂಬಿಸಿ, ಟೇಪ್ ಎಳೆದು ಹಿಡಿದು ಹೊಟ್ಟೆ ಒಳಗೆ ಎಳ್ಕೊಂಡು ಅಳೀಬೇಡಿ (ಎಲ್ರೂ ಮಾಡೋದೇ ಅದು!), ಉಸಿರು ಬಿಟ್ಟು ಅಳೀರಿ.

ಈಗ 60 ಕೆ.ಜಿಗೆ ಬರ್ಬೇಕು ಅಂತ ತಲೆ ಕೆಡಿಸ್ಕೋಬೇಡಿ. ಇರೋ ತೂಕದಲ್ಲಿ ನೂರಕ್ಕೆ ಐದು ಭಾಗ, ಅಂದ್ರೆ ಸುಮಾರು 3.7 ಕೆ.ಜಿ ಇಳಿದ್ರೂ ಬಿಪಿ ಶುಗರ್ ಮೇಲೆ ಒಳ್ಳೇ ಪರಿಣಾಮ ಇರತ್ತೆ. ನೈಟ್‌ಗೆ ಮನೆಯಿಂದ ಡಬ್ಬಿ, ಅದ್ರಲ್ಲಿ ಕಾಳು ಪಲ್ಯ ಮಜ್ಜಿಗೆ, ಟೀಗೆ ಸಕ್ಕರೆ ಬೇಡ, ವಾರಕ್ಕೆ 150 ನಿಮಿಷ ಬಿರುಸು ನಡಿಗೆ, ವಾರ್ಡಲ್ಲಿ ಓಡಾಡಿದ್ದು ಇದಕ್ಕೆ ಸೇರಲ್ಲ ಅನ್ಕೊಳ್ಳಿ.

ಯಾರಾದ್ರೂ ಮತ್ತೆ ಹಂಗಂದ್ರೆ "ಹೌದಮ್ಮ, ನಂದೂ ಜಾಸ್ತಿನೇ, ನಾನೂ ಇಳಿಸ್ತಿದೀನಿ, ಕಷ್ಟ ಏನು ಅಂತ ನಂಗೂ ಗೊತ್ತು, ನೀವು ಅನ್ನ ಎಷ್ಟು ಹಾಕ್ಕೋತೀರಿ ಹೇಳಿ" ಅಂತ ನೇರ ವಿಷಯಕ್ಕೆ ಬನ್ನಿ. ಜನಕ್ಕೆ ಸುಳ್ಳು ಬೇಗ ಗೊತ್ತಾಗತ್ತೆ, ನಿಜ ಹೇಳಿದ್ರೆ ನಕ್ಕು ಮಾತಿಗೆ ಕೂರ್ತಾರೆ.

ಇನ್ನೊಂದು, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) ಎರಡೂ ಮಾಡಿಸಿ. ಮುಟ್ಟು ಏರುಪೇರಿದ್ರೆ ಅದನ್ನೂ ಡಾಕ್ಟರ್‌ಗೆ ಹೇಳಿ. ರಿಪೋರ್ಟ್ ಬಂದ್ಮೇಲೆ ಬರೀರಿ.