ಓದುಗರ ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ವಿಡಿಯೊ ಎಡಿಟಿಂಗ್ ಕಂಪ್ಯೂಟರ್

ಪ್ರಶ್ನೆ: ಊರಿನ ಯಕ್ಷಗಾನ, ಮದುವೆ, ಉಪನಯನಗಳ ವಿಡಿಯೊ ಎಡಿಟ್ ಮಾಡಲು ಕಂಪ್ಯೂಟರ್ ಜೋಡಿಸಬೇಕಾಗಿದೆ. ಮಾನಿಟರ್ ಬಿಟ್ಟು 60 ಸಾವಿರದೊಳಗೆ ಮುಗಿಯಬೇಕು. ಅರ್ಧ ಚಿತ್ರೀಕರಣ ಫೋನಿನಲ್ಲಿ, ಉಳಿದದ್ದು 4ಕೆ ಮಿರರ್‌ಲೆಸ್ ಕ್ಯಾಮೆರಾದಲ್ಲಿ. ಅಂಗಡಿಯವರು ಇಂಟೆಲ್ ಐ5-12400ಎಫ್ ಜೊತೆಗೆ ಆರ್‌ಟಿಎಕ್ಸ್ 3050 ಕಾರ್ಡ್ ಹಾಕಿ ಕೊಡುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಹೊನ್ನಾವರ

ಉತ್ತರ: ಬೇಡ. ಅದು ಆಟವಾಡುವವರಿಗೆ ಸರಿಹೊಂದುವ ಜೋಡಿ. 12400ಎಫ್‌ನೊಳಗೆ ಗ್ರಾಫಿಕ್ಸ್ ಭಾಗವೇ ಇಲ್ಲ. ನಿಮ್ಮ ಕೆಲಸಕ್ಕೆ ಬೇಕಾಗಿರುವುದು ಅದೇ ಭಾಗ.

ಫೋನೂ ಕ್ಯಾಮೆರಾವೂ ವಿಡಿಯೊವನ್ನು ಎಚ್.264 ಅಥವಾ ಎಚ್.265 ವಿಧಾನದಲ್ಲಿ ಕುಗ್ಗಿಸಿ ಬರೆಯುತ್ತವೆ. ಕೆಲವೇ ಫ್ರೇಮ್‌ಗಳು ಪೂರ್ತಿಯಾಗಿ ದಾಖಲಾಗುತ್ತವೆ. ನಡುವಿನ ಫ್ರೇಮ್‌ಗಳಲ್ಲಿ ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಎಂಬುದಷ್ಟೇ ಇರುತ್ತದೆ. ಹೀಗಾಗಿ ಟೈಮ್‌ಲೈನಿನಲ್ಲಿ ಹಿಂದೆ ಮುಂದೆ ಎಳೆದಾಗಲೆಲ್ಲ ಒಂದು ಫ್ರೇಮ್ ತೋರಿಸಲು ಹತ್ತಾರು ಫ್ರೇಮ್‌ಗಳನ್ನು ಬಿಡಿಸಬೇಕಾಗುತ್ತದೆ. ಎಡಿಟ್ ಮಾಡುವಾಗ ಚಿತ್ರ ತಡವರಿಸುವುದಕ್ಕೆ ಬಹುಪಾಲು ಇದೇ ಕಾರಣ. ಇಂಟೆಲ್ ಪ್ರೊಸೆಸರಿನ ಗ್ರಾಫಿಕ್ಸ್ ಭಾಗದಲ್ಲಿರುವ ಕ್ವಿಕ್ ಸಿಂಕ್ ಎಂಬ ಘಟಕ ಈ ಬಿಡಿಸುವ ಕೆಲಸಕ್ಕೆಂದೇ ಇದೆ.

ಹಣ ಕೊಡುವ ಮೊದಲು ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ ತೆರೆದು ನಾಲ್ಕು ವಿವರ ಬರೆದುಕೊಳ್ಳಿ: ಫಾರ್ಮ್ಯಾಟ್, ಬಿಟ್ ಡೆಪ್ತ್ (ಬಣ್ಣದ ಛಾಯೆಗಳ ಸೂಕ್ಷ್ಮತೆ), ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ವಿವರ ಎಷ್ಟು ಉಳಿಸಿದೆ ಎಂಬುದು; 4:2:0, 4:2:2 ಎಂದು ಬರೆದಿರುತ್ತದೆ), ಬಿಟ್‌ರೇಟ್. ಫೋನಿನ ಕ್ಲಿಪ್ ಸಾಮಾನ್ಯವಾಗಿ 4:2:0 ಆಗಿರುತ್ತದೆ. ಅದನ್ನು ಈಗಿನ ಯಾವ ಗ್ರಾಫಿಕ್ಸ್ ಆದರೂ ಬಿಡಿಸುತ್ತದೆ. ಕಷ್ಟ ಇರುವುದು ಮಿರರ್‌ಲೆಸ್ ಕ್ಯಾಮೆರಾಗಳ 10 ಬಿಟ್ 4:2:2 ಕ್ಲಿಪ್‌ಗಳಲ್ಲಿ. ಎಚ್.265 ರೂಪದ 4:2:2 ಅನ್ನು ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಗ್ರಾಫಿಕ್ಸ್ ಬಿಡಿಸುತ್ತದೆ. ಎನ್‌ವಿಡಿಯಾದಲ್ಲಿ ಈ ಸೌಲಭ್ಯ ಬಂದದ್ದು ಆರ್‌ಟಿಎಕ್ಸ್ 50 ಸರಣಿಯಲ್ಲಿ. ಅಂಗಡಿಯವರು ಹೇಳಿದ 3050 ಕಾರ್ಡಿಗೆ ಅದು ಆಗುವುದಿಲ್ಲ. ಆಗ ಇಡೀ ಭಾರ ಪ್ರೊಸೆಸರಿನ ಮೇಲೆ ಬಿದ್ದು, ಕಾರ್ಡಿಗೆ ಕೊಟ್ಟ ಹಣ ಟೈಮ್‌ಲೈನಿನಲ್ಲಿ ಕಾಣಿಸುವುದೇ ಇಲ್ಲ. ಎಚ್.264 ರೂಪದ 10 ಬಿಟ್ 4:2:2 ಅನ್ನು ಇಂಟೆಲ್ 12ನೇ ತಲೆಮಾರಿನ ಗ್ರಾಫಿಕ್ಸ್ ಕೂಡ ಬಿಡಿಸುವುದಿಲ್ಲ. ಹಾಗಾಗಿ 10 ಬಿಟ್‌ನಲ್ಲಿ ಚಿತ್ರೀಕರಿಸುವವರು ಕ್ಯಾಮೆರಾದಲ್ಲೇ ಎಚ್.265 ಆರಿಸಿಕೊಳ್ಳಬೇಕು. ಸೋನಿ ಕ್ಯಾಮೆರಾಗಳಲ್ಲಿ ಎಕ್ಸ್‌ಎವಿಸಿ ಎಸ್ ಬದಲು ಎಕ್ಸ್‌ಎವಿಸಿ ಎಚ್‌ಎಸ್. ಮೆನುವಿನಲ್ಲಿ ಪುಕ್ಕಟೆಯಾಗಿ ಆಗುವ ಈ ಬದಲಾವಣೆ ಕೆಲವು ಸಾವಿರ ರೂಪಾಯಿಯ ಯಂತ್ರಭಾಗಕ್ಕಿಂತ ಹೆಚ್ಚು ಉಪಕಾರಿ.

ಇಷ್ಟರ ಮೇಲೆ ನಾವು ಹೇಳುವ ಪಟ್ಟಿ: ಪ್ರೊಸೆಸರ್ ಐ5-12400, ಎಫ್ ಇಲ್ಲದ್ದು. ಸ್ವಲ್ಪ ಹೆಚ್ಚು ಕೊಟ್ಟರೆ 12500 ಸಿಗುವಂತಿದ್ದರೆ ಅದನ್ನೇ ತೆಗೆದುಕೊಳ್ಳಿ. 12400ರಲ್ಲಿ ವಿಡಿಯೊ ಬಿಡಿಸುವ ಎಂಜಿನ್ ಒಂದಿದ್ದರೆ 12500ರಲ್ಲಿ ಎರಡಿವೆ. ಎರಡು ಕ್ಯಾಮೆರಾದ ದೃಶ್ಯ ಒಟ್ಟಿಗೆ ಓಡಿಸುವವರಿಗೆ ಇದು ಗೊತ್ತಾಗುತ್ತದೆ. ಬೋರ್ಡ್ ಬಿ760 ಅಥವಾ ಬಿ660, ಡಿಡಿಆರ್4, ರ್‍ಯಾಮ್ ಸ್ಲಾಟ್ ನಾಲ್ಕಿರುವುದು. ಎಚ್610 ಬೋರ್ಡ್ ಅಗ್ಗವಾದರೂ ಅದರಲ್ಲಿ ರ್‍ಯಾಮ್ ಸ್ಲಾಟ್ ಎರಡೇ, ಎನ್‌ವಿಎಂಇ ಡ್ರೈವ್ (ಬೋರ್ಡಿಗೇ ನೇರವಾಗಿ ಕೂರುವ ವೇಗದ ಎಸ್‌ಎಸ್‌ಡಿ) ಹಾಕುವ ಜಾಗವೂ ಹೆಚ್ಚಾಗಿ ಒಂದೇ. ಎರಡು ವರ್ಷದ ನಂತರ ಅದು ಕೈಕಟ್ಟಿಹಾಕುತ್ತದೆ. ರ್‍ಯಾಮ್ ಡಿಡಿಆರ್4-3200, 8 ಜಿಬಿಯ ಎರಡು ಕಡ್ಡಿ. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ. 80 ಪ್ಲಸ್ ಬ್ರಾಂಜ್ ಗುರುತಿರುವ 550 ವಾಟಿನ ಎಸ್‌ಎಂಪಿಎಸ್ (ಯಂತ್ರಕ್ಕೆ ವಿದ್ಯುತ್ ಒದಗಿಸುವ ಘಟಕ). ಮುಂದೊಂದು ಹಿಂದೊಂದು ಫ್ಯಾನಿರುವ, ಮುಂಭಾಗದಲ್ಲಿ ಗಾಜಿನ ಬದಲು ಜಾಲರಿಯಿರುವ ಕ್ಯಾಬಿನೆಟ್. ಬಾಕ್ಸ್ ಪ್ಯಾಕ್ ಪ್ರೊಸೆಸರಿನ ಜೊತೆ ಬರುವ ಕೂಲರ್ ಸಾಕು.

ಬಜೆಟ್ ಮೀರಿದರೆ ಕ್ಯಾಬಿನೆಟ್ಟಿನಲ್ಲಿ ಉಳಿಸಿ, ಬಣ್ಣದ ದೀಪಗಳನ್ನು ಬಿಡಿ, ವೈಫೈ ಇಲ್ಲದ ಬೋರ್ಡ್ ಆರಿಸಿ. ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿಸಬೇಡಿ. ಕ್ಯಾಬಿನೆಟ್ ಜೊತೆ ಬಿಟ್ಟಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಕೆಟ್ಟರೆ ಬೋರ್ಡನ್ನೂ ಡ್ರೈವನ್ನೂ ಸುಡಬಹುದು.

ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಪ್ರೊಸೆಸರ್ ಬಾಕ್ಸ್ ಪ್ಯಾಕೋ ಟ್ರೇ ಮಾಲೋ ಎಂದು ಕೇಳಿ. ಟ್ರೇ ಮಾಲಿಗೆ ಕೂಲರ್ ಇರುವುದಿಲ್ಲ, ಬಾಕ್ಸಿಗಿರುವ 3 ವರ್ಷದ ಕಂಪನಿ ವಾರಂಟಿಯೂ ಇರುವುದಿಲ್ಲ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. 'ಅಸೆಂಬಲ್ಡ್ ಪಿಸಿ ಒಂದು' ಎಂದಷ್ಟೇ ಬರೆದ ಬಿಲ್ಲು ವಾರಂಟಿಯ ಹೊತ್ತಿಗೆ ಕೈಕೊಡುತ್ತದೆ.

ಪ್ರಶ್ನೆ: 16 ಜಿಬಿ ರ್‍ಯಾಮ್ ಸಾಕೇ, 32 ಬೇಕೇ? ಈಗ 16ರ ಒಂದೇ ಕಡ್ಡಿ ಹಾಕಿ ಮುಂದೆ ಇನ್ನೊಂದು ಸೇರಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: 1080ಪಿ ಕೆಲಸಕ್ಕೆ 16 ಸಾಕು. 4ಕೆ ಟೈಮ್‌ಲೈನಿಗೆ, ಅದರಲ್ಲೂ ಬ್ರೌಸರ್ ಮತ್ತು ಚಿತ್ರ ತಿದ್ದುವ ತಂತ್ರಾಂಶ ಒಟ್ಟಿಗೆ ತೆರೆದಿಡುವವರಿಗೆ 32 ಇದ್ದರೆ ನೆಮ್ಮದಿ. 2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿರುವುದರಿಂದ ಈಗ 16, ಮುಂದೆ 32 ಎಂಬ ನಿಮ್ಮ ಯೋಚನೆ ಸರಿಯೇ. ಆದರೆ ಒಂದೇ ಕಡ್ಡಿ ಹಾಕಬೇಡಿ. ಪ್ರೊಸೆಸರಿನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ನೆನಪಿಲ್ಲ, ಅದು ಇದೇ ರ್‍ಯಾಮನ್ನು ಬಳಸುತ್ತದೆ. ಒಂದು ಕಡ್ಡಿಯಾದರೆ ದತ್ತಾಂಶ ಹರಿಯುವ ದಾರಿ ಅರ್ಧವಾಗಿ ಗ್ರಾಫಿಕ್ಸ್ ನಿಧಾನವಾಗುತ್ತದೆ. 8ರ ಎರಡು ಕಡ್ಡಿ ಕೊಂಡು, ಉಳಿದೆರಡು ಸ್ಲಾಟ್ ಖಾಲಿ ಬಿಡಿ. ಸೇರಿಸುವಾಗ ಅದೇ ಕಂಪನಿಯ, ಅದೇ ವೇಗದ ಜೋಡಿಯನ್ನೇ ತನ್ನಿ.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡೇ ಕಡ್ಡಿಯಿದ್ದರೆ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಿಸಬೇಕು. ಬಯಾಸ್‌ಗೆ (ಬೋರ್ಡಿನ ಮೂಲ ಸೆಟ್ಟಿಂಗ್ ಪುಟ) ಹೋಗಿ ಎಕ್ಸ್‌ಎಂಪಿ (ರ್‍ಯಾಮನ್ನು ಪೂರ್ಣ ವೇಗದಲ್ಲಿ ಓಡಿಸುವ ಆಯ್ಕೆ) ಚಾಲೂ ಮಾಡಿ. ಎಷ್ಟೋ 3200ರ ಕಡ್ಡಿಗಳು ಅದಿಲ್ಲದೆ 2133 ಅಥವಾ 2666ರಲ್ಲೇ ಓಡುತ್ತಿರುತ್ತವೆ, ಅಂಗಡಿಯಲ್ಲಿ ಜೋಡಿಸಿಕೊಟ್ಟ ಯಂತ್ರಗಳಲ್ಲೂ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ವೇಗ ಕಾಣಿಸುತ್ತದೆ. ಯಂತ್ರ ಮನೆಗೆ ಒಯ್ಯುವ ಮೊದಲೇ ನೋಡಿ.

ಪ್ರಶ್ನೆ: ಡ್ರೈವ್ ಎಷ್ಟು ದೊಡ್ಡದು ಬೇಕು? ದುಬಾರಿ ವೇಗದ ಎಸ್‌ಎಸ್‌ಡಿ ಹಾಕಿದರೆ ಎಡಿಟಿಂಗ್ ವೇಗವಾಗುತ್ತದೆಯೇ?
– ಓದುಗರು, ಸಾಗರ

ಉತ್ತರ: ಮೊದಲು ಲೆಕ್ಕ. 100 ಎಂಬಿಪಿಎಸ್ ಬಿಟ್‌ರೇಟಿನ 4ಕೆ ವಿಡಿಯೊ ಎಂದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ನಾಲ್ಕು ಗಂಟೆಯ ಕಾಲಮಿತಿ ಯಕ್ಷಗಾನವನ್ನು ಎರಡು ಕ್ಯಾಮೆರಾದಲ್ಲಿ ತೆಗೆದರೆ 360 ಜಿಬಿ. ಪ್ರಾಕ್ಸಿ (ಎಡಿಟ್ ಮಾಡಲು ತಯಾರಿಸುವ ಸಣ್ಣ ಗಾತ್ರದ ಪ್ರತಿ) ಮತ್ತು ಕ್ಯಾಶೆ (ತಂತ್ರಾಂಶದ ತಾತ್ಕಾಲಿಕ) ಫೈಲುಗಳು ಇದರ ಮೇಲೆ. ಹಾಗಾಗಿ 1 ಟಿಬಿ ಡ್ರೈವಿನಲ್ಲಿ ಅಂಥ ಒಂದು ಪ್ರದರ್ಶನ ಹಿಡಿಸುತ್ತದೆ, ಎರಡು ಇಕ್ಕಟ್ಟು.

ಸೆಕೆಂಡಿಗೆ 12.5 ಎಂಬಿ ಓದಲು 7000 ಎಂಬಿ ವೇಗದ ಡ್ರೈವ್ ಬೇಕಿಲ್ಲ. ಜೆನ್ 3 ಎನ್‌ವಿಎಂಇ ಧಾರಾಳ ಸಾಕು, ಸಾಟಾ ಎಸ್‌ಎಸ್‌ಡಿಯೂ ನಡೆಯುತ್ತದೆ. ವೇಗಕ್ಕೆ ಕೊಡುವ ಹಣವನ್ನು ಗಾತ್ರಕ್ಕೆ ಕೊಡಿ. ವಿಂಡೋಸ್, ತಂತ್ರಾಂಶ, ಕ್ಯಾಶೆ ಮತ್ತು ಈಗ ಎಡಿಟ್ ಮಾಡುತ್ತಿರುವ ಕ್ಲಿಪ್‌ಗಳು ಎಸ್‌ಎಸ್‌ಡಿಯಲ್ಲಿರಲಿ. ಮುಗಿದದ್ದು ಹಾರ್ಡ್ ಡಿಸ್ಕಿಗೆ ಹೋಗಲಿ. ಎಸ್‌ಎಸ್‌ಡಿಯನ್ನು ಐದರಲ್ಲಿ ಒಂದು ಭಾಗ ಖಾಲಿ ಬಿಡಿ, ತುಂಬುತ್ತಾ ಬಂದಂತೆ ಅದರ ಬರೆಯುವ ವೇಗ ಕುಸಿಯುತ್ತದೆ. ಹಾರ್ಡ್ ಡಿಸ್ಕುಗಳಲ್ಲಿ ಎಸ್‌ಎಂಆರ್ ಎಂಬ ಬಗೆ ನೂರಾರು ಜಿಬಿ ಒಟ್ಟಿಗೆ ಬರೆಯುವಾಗ ನಡುವೆ ತೆವಳತೊಡಗುತ್ತದೆ. ಸಂಗ್ರಹಕ್ಕೆ ಅಡ್ಡಿಯಿಲ್ಲ, ಅದರ ಮೇಲೆ ನೇರವಾಗಿ ಎಡಿಟ್ ಮಾಡಬೇಡಿ. ಮತ್ತೊಬ್ಬರ ಮನೆಯ ಮದುವೆ ಮರಳಿ ಚಿತ್ರೀಕರಿಸಲಾಗದ್ದು. ಅದರ ಪ್ರತಿ ಎರಡು ಬೇರೆ ಬೇರೆ ಡ್ರೈವಿಗೆ ಸೇರುವವರೆಗೆ ಕ್ಯಾಮೆರಾದ ಮೆಮೊರಿ ಕಾರ್ಡ್ ಫಾರ್ಮ್ಯಾಟ್ ಮಾಡಲೇಬೇಡಿ.

ಬೋರ್ಡಿನ ಕೈಪಿಡಿಯಲ್ಲಿ ಇನ್ನೊಂದು ನೋಡಬೇಕು: ಕೆಲವು ಬೋರ್ಡುಗಳಲ್ಲಿ ಎರಡನೇ ಎಂ.2 ಸ್ಲಾಟ್ (ಎನ್‌ವಿಎಂಇ ಡ್ರೈವ್ ಕೂರುವ ಜಾಗ) ತುಂಬಿದರೆ ಒಂದು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತದೆ. ಡ್ರೈವ್ ಕಾಣೆಯಾದರೆ ಗಾಬರಿಯಾಗದೆ ಕೇಬಲನ್ನು ಬೇರೆ ಪೋರ್ಟಿಗೆ ಚುಚ್ಚಿ.

ಪ್ರಶ್ನೆ: ಹಾಗಾದರೆ ಗ್ರಾಫಿಕ್ಸ್ ಕಾರ್ಡ್ ಯಾವಾಗ ಬೇಕು?
– ಓದುಗರು, ಹುಬ್ಬಳ್ಳಿ

ಉತ್ತರ: ಕತ್ತರಿಸಿ ಜೋಡಿಸುವುದು, ಸಾಧಾರಣ ಬಣ್ಣ ತಿದ್ದುವುದು, ಶೀರ್ಷಿಕೆ ಹಾಕುವುದು ಇಷ್ಟೇ ಆದರೆ ಬೇಡ. ಡಾವಿಂಚಿ ರಿಸಾಲ್ವ್‌ನಲ್ಲಿ ಪದರ ಪದರವಾಗಿ ಬಣ್ಣ ಕಟ್ಟುವವರಿಗೆ, ಕತ್ತಲಲ್ಲಿ ತೆಗೆದ ದೃಶ್ಯದ ನಾಯ್ಸ್ ತೆಗೆಯುವವರಿಗೆ, ಎಫೆಕ್ಟ್ ಬಳಸುವವರಿಗೆ ಕಾರ್ಡ್ ಬೇಕೇ ಬೇಕು. ಆಗ ಕಾರ್ಡಿನ ಮೆಮೊರಿ ನೋಡಿ ಕೊಳ್ಳಿ. 4 ಜಿಬಿ ಕಾರ್ಡಿನಲ್ಲಿ 4ಕೆ ಟೈಮ್‌ಲೈನ್ ಓಡಿಸಿದರೆ ಮೆಮೊರಿ ತುಂಬಿತೆಂಬ ಸೂಚನೆ ಬಂದು ರೆಂಡರ್ ನಿಲ್ಲುತ್ತದೆ. 8 ಜಿಬಿ ಕನಿಷ್ಠ, 12 ಇದ್ದರೆ ಒಳ್ಳೆಯದು. 12 ಜಿಬಿಯ ಆರ್‌ಟಿಎಕ್ಸ್ 3060 ಕಾರ್ಡ್ 170 ವಾಟ್ ಎಳೆಯುತ್ತದೆ. ಮೇಲೆ ಹೇಳಿದ 550 ವಾಟಿನ ಎಸ್‌ಎಂಪಿಎಸ್ ಅದನ್ನು ಹೊರುತ್ತದೆ.

ಕಾರ್ಡ್ ಹಾಕಿದ ಕೂಡಲೇ ಹಲವು ಬೋರ್ಡುಗಳು ಪ್ರೊಸೆಸರಿನ ಗ್ರಾಫಿಕ್ಸ್ ಅನ್ನು ತಾವಾಗಿಯೇ ಮುಚ್ಚುತ್ತವೆ. ಕ್ವಿಕ್ ಸಿಂಕ್ ಮಾಯವಾಗಿ, ಹೊಸ ಕಾರ್ಡ್ ಬಂದ ಮೇಲೆ 4:2:2 ಕ್ಲಿಪ್ ಇನ್ನಷ್ಟು ತಡವರಿಸುವುದು ಇದರಿಂದಲೇ. ಬಯಾಸ್‌ನಲ್ಲಿ 'ಐಜಿಪಿಯು ಮಲ್ಟಿ-ಮಾನಿಟರ್' ಎಂಬುದನ್ನು ಚಾಲೂ ಮಾಡಿ, ಇಂಟೆಲ್ ಡ್ರೈವರ್ ಹಾಕಿ. ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನ ಮೀಡಿಯಾ ಪುಟದಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಕೆಳಗೆ ಇಂಟೆಲ್‌ಗೂ ಗುರುತು ಹಾಕಿ. ಮಾನಿಟರಿನ ಕೇಬಲ್ ಮಾತ್ರ ಕಾರ್ಡಿಗೇ ಇರಲಿ.

ರಿಸಾಲ್ವ್‌ನ ಉಚಿತ ಆವೃತ್ತಿ ಅಲ್ಟ್ರಾ ಎಚ್‌ಡಿ, 60 ಫ್ರೇಮಿನವರೆಗೆ ಹೊರತೆಗೆಯಲು ಬಿಡುತ್ತದೆ, ಅದು ಬೇಕಾದಷ್ಟಾಯಿತು. ಆದರೆ ಕೆಲವು 10 ಬಿಟ್ ಕ್ಲಿಪ್‌ಗಳು ಅದರಲ್ಲಿ ತೆರೆಯುವುದಿಲ್ಲ. ಲಿನಕ್ಸ್‌ನಲ್ಲಂತೂ ಉಚಿತ ಆವೃತ್ತಿ ಎಚ್.264 ಅನ್ನೇ ತೆರೆಯುವುದಿಲ್ಲ. ಪರಿಚಯದವರ ಯಂತ್ರದಲ್ಲಿ ನಿಮ್ಮದೇ ಕ್ಲಿಪ್ ಹಾಕಿ ನೋಡಿ ಮುಂದುವರಿಯಿರಿ.

ಪ್ರಶ್ನೆ: ಅಷ್ಟು ಹಣವಿಲ್ಲ. ಕಚೇರಿಗಳಿಂದ ಬಂದ ಹಳೆಯ ಕಂಪ್ಯೂಟರ್ ಕೊಂಡರೆ ಹೇಗೆ?
– ಓದುಗರು, ಕಲಬುರಗಿ

ಉತ್ತರ: ಫೋನಿನ ವಿಡಿಯೊ ಎಡಿಟ್ ಮಾಡಲು ಒಳ್ಳೆಯ ದಾರಿ. 8ನೇ ತಲೆಮಾರಿಗಿಂತ ಹಳೆಯದು ಮಾತ್ರ ಬೇಡ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರೊಸೆಸರುಗಳು ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಶುರು. ಆರು ಕೋರಿನ ಐ5-8500 ಇರುವ ಯಂತ್ರ ಸಿಕ್ಕರೆ ಸಾಕು. ಅದರ ಗ್ರಾಫಿಕ್ಸ್ ಎಚ್.265 ಅನ್ನು 10 ಬಿಟ್ 4:2:0ವರೆಗೆ ಬಿಡಿಸುತ್ತದೆ, 4:2:2 ಆಗದು. ತೆಳ್ಳಗಿನ ಕ್ಯಾಬಿನೆಟ್ ಬಿಟ್ಟು ಟವರ್ ಮಾದರಿಯನ್ನೇ ಹುಡುಕಿ. ತೆಳ್ಳಗಿನದರಲ್ಲಿ ಗಿಡ್ಡ ಕಾರ್ಡ್ ಮಾತ್ರ ಹಿಡಿಸುತ್ತದೆ. ಕಂಪನಿ ಯಂತ್ರಗಳ ಎಸ್‌ಎಂಪಿಎಸ್ ಕನೆಕ್ಟರ್ ಕೂಡ ಹಲವು ಸಲ ಬೇರೆಯದೇ ಆಗಿದ್ದು, ಪೇಟೆಯ ಎಸ್‌ಎಂಪಿಎಸ್ ನೇರವಾಗಿ ಕೂರುವುದಿಲ್ಲ. ಮೊದಲ ದಿನವೇ ಮಾಡಬೇಕಾದ ಖರ್ಚು: ಹೊಸ ಎಸ್‌ಎಸ್‌ಡಿ, ಎರಡು ಕಡ್ಡಿಯಲ್ಲಿ 16 ಜಿಬಿ ರ್‍ಯಾಮ್, ಪ್ರೊಸೆಸರಿನ ಮೇಲೆ ಹೊಸ ಥರ್ಮಲ್ ಪೇಸ್ಟ್.

ಇಂಥ ಯಂತ್ರದಲ್ಲಿ ಪ್ರಾಕ್ಸಿ ಬಳಸದೆ 4ಕೆ ಮುಟ್ಟಬೇಡಿ. ಕೆಡೆನ್‌ಲೈವ್, ರಿಸಾಲ್ವ್, ಪ್ರೀಮಿಯರ್ ಮೂರರಲ್ಲೂ ಈ ಸೌಲಭ್ಯವಿದೆ. ರಾತ್ರಿ ಮಲಗುವಾಗ ಸಣ್ಣ ಗಾತ್ರದ ಪ್ರತಿಗಳನ್ನು ತಯಾರಿಸಲು ಬಿಟ್ಟು ಬೆಳಿಗ್ಗೆ ಅವುಗಳ ಮೇಲೆ ಎಡಿಟ್ ಮಾಡಿದರೆ, ಕೊನೆಗೆ ತಂತ್ರಾಂಶ ಮೂಲ ಕ್ಲಿಪ್‌ನಿಂದಲೇ ರೆಂಡರ್ ಮಾಡುತ್ತದೆ. ಗುಣಮಟ್ಟ ಒಂದಿಷ್ಟೂ ಕಡಿಮೆಯಾಗುವುದಿಲ್ಲ. ಈ ಒಂದು ಅಭ್ಯಾಸ ರೂಢಿಯಾದವರಿಗೆ ಅಗ್ಗದ ಯಂತ್ರವೂ ಸಾಲುತ್ತದೆ.

ಪ್ರಶ್ನೆ: ಫೋನಿನಲ್ಲಿ ತೆಗೆದ ಒಂದು ಗಂಟೆಯ ಭಾಷಣದ ಕೊನೆಗೆ ಧ್ವನಿಗೂ ತುಟಿಗೂ ಹೊಂದುವುದಿಲ್ಲ. ಪ್ರೊಸೆಸರ್ ದುರ್ಬಲವೇ?
– ಓದುಗರು, ಮಂಡ್ಯ

ಉತ್ತರ: ಪ್ರೊಸೆಸರಿನ ತಪ್ಪಲ್ಲ. ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ ಅದು ಸೆಕೆಂಡಿಗೆ 30ರ ಬದಲು 28, 29 ಫ್ರೇಮ್ ಬರೆಯುತ್ತದೆ. ಎಡಿಟಿಂಗ್ ತಂತ್ರಾಂಶ ಎಲ್ಲವನ್ನೂ ಸಮವಾಗಿ ಎಣಿಸಿದಾಗ ಧ್ವನಿ ಸರಿಯುತ್ತದೆ. ಮೀಡಿಯಾಇನ್ಫೊದಲ್ಲಿ ಫ್ರೇಮ್ ರೇಟ್ ಮೋಡ್ 'ವೇರಿಯಬಲ್' ಎಂದಿದ್ದರೆ ಇದೇ ಕಾಯಿಲೆ. ಹ್ಯಾಂಡ್‌ಬ್ರೇಕ್‌ನಲ್ಲಿ ಕ್ಲಿಪ್ ತೆರೆದು, ವಿಡಿಯೊ ಪುಟದಲ್ಲಿ ಫ್ರೇಮ್‌ರೇಟ್ 30 ಆರಿಸಿ 'ಕಾನ್‌ಸ್ಟಂಟ್' ಗುರುತಿಸಿ, ಆರ್‌ಎಫ್ (ಗುಣಮಟ್ಟದ ಅಳತೆ) 16ರಿಂದ 18ರ ನಡುವೆ ಇಟ್ಟು ಪರಿವರ್ತಿಸಿ. ಆ ಫೈಲನ್ನು ಟೈಮ್‌ಲೈನಿಗೆ ತನ್ನಿ. ಐಫೋನಿನವರು ಕ್ಯಾಮೆರಾ ಸೆಟ್ಟಿಂಗಿನಲ್ಲಿ ಆಟೊ ಎಫ್‌ಪಿಎಸ್ ಅನ್ನು 'ಆಫ್' ಮಾಡಿಡಿ.

ಪ್ರಶ್ನೆ: ನಮ್ಮಲ್ಲಿ ಕರೆಂಟ್ ಆಗಾಗ ಹೋಗುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆ. ಯಾವ ಯುಪಿಎಸ್ ಹಾಕಲಿ?
– ಓದುಗರು, ಬೆಳ್ತಂಗಡಿ

ಉತ್ತರ: ಯುಪಿಎಸ್‌ಗೆ ಮುಂಚೆ ಅರ್ಥಿಂಗ್ ಸರಿಮಾಡಿಸಿ. ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟ್ ಭೂಮಿಗೆ ಹೋಗಲು ದಾರಿಯಿಲ್ಲದಾಗ ಕ್ಯಾಬಿನೆಟ್ಟಿನಲ್ಲೇ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್‌ರಿಂದ ಮಲ್ಟಿಮೀಟರಿನಲ್ಲಿ ಅಳೆಸಿ: ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇರಬೇಕು. ನಿಮ್ಮ ಕಡೆ ಸಿಡಿಲು ಜಾಸ್ತಿ. ಗುಡುಗು ಶುರುವಾದರೆ ಪ್ಲಗ್ಗನ್ನೂ ಇಂಟರ್‌ನೆಟ್ ಕೇಬಲನ್ನೂ ಕಳಚುವುದೊಂದೇ ಖಚಿತ ರಕ್ಷಣೆ.

ಕಾರ್ಡ್ ಇಲ್ಲದ ಯಂತ್ರಕ್ಕೆ 600 ವಿಎ, ಅಂದರೆ ಸುಮಾರು 360 ವಾಟಿನ ಯುಪಿಎಸ್ ಸಾಕು. ಕಾರ್ಡ್ ಇದ್ದರೆ 1000 ವಿಎ ತೆಗೆದುಕೊಳ್ಳಿ. ಅದು ಫೈಲ್ ಸೇವ್ ಮಾಡಿ ಯಂತ್ರ ಆರಿಸಲು ಸಿಗುವ ಕೆಲವು ನಿಮಿಷ ಮಾತ್ರ, ರೆಂಡರ್ ಮುಗಿಸಲು ಅಲ್ಲ. ಮನೆಯ ಇನ್ವರ್ಟರ್ ಸೈನ್ ವೇವ್ ಬಗೆಯದಾಗಿದ್ದು ಹಿಂದೆ 'ಯುಪಿಎಸ್ ಮೋಡ್' ಸ್ವಿಚ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಬದಲಾಯಿಸಿಕೊಳ್ಳುವ ಕ್ಷಣದಲ್ಲೇ ಕಂಪ್ಯೂಟರ್ ಆರಿಹೋಗುತ್ತದೆ.

ಪ್ರಶ್ನೆ: ಶೀರ್ಷಿಕೆಯಲ್ಲಿ ಕನ್ನಡದ ಒತ್ತಕ್ಷರಗಳು ಒಡೆಯುತ್ತವೆ. ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಸರಿಹೋಗುವುದೇ?
– ಓದುಗರು, ತುಮಕೂರು

ಉತ್ತರ: ಕಾರ್ಡಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಪ್ರೀಮಿಯರ್‌ನಲ್ಲಿ ಪ್ರಿಫರೆನ್ಸಸ್, ಗ್ರಾಫಿಕ್ಸ್ ಪುಟಕ್ಕೆ ಹೋಗಿ ಟೆಕ್ಸ್ಟ್ ಎಂಜಿನನ್ನು 'ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್' ಎಂದು ಬದಲಿಸಿ ಶೀರ್ಷಿಕೆಯನ್ನು ಹೊಸದಾಗಿ ಟೈಪ್ ಮಾಡಿ. ಅಕ್ಷರ ಯೂನಿಕೋಡಿನಲ್ಲಿರಬೇಕು: ನೋಟೊ ಸಾನ್ಸ್ ಕನ್ನಡ, ತುಂಗಾ ಅಥವಾ ವಿಂಡೋಸ್‌ನಲ್ಲೇ ಬರುವ ನಿರ್ಮಲಾ ಯಾವುದಾದರೂ ಆದೀತು. ಹಳೆಯ ನುಡಿ ಫಾಂಟಿನ ಆಸ್ಕಿ ಪಠ್ಯವಿದ್ದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ನಿಮ್ಮ ತಂತ್ರಾಂಶದಲ್ಲಿ ಹೇಗೂ ಕೂಡಿಬರದಿದ್ದರೆ ಇಂಕ್‌ಸ್ಕೇಪ್‌ನಲ್ಲಿ 3840×2160 ಪುಟದ ಮೇಲೆ ಶೀರ್ಷಿಕೆ ಬರೆದು, ಹಿನ್ನೆಲೆ ಪಾರದರ್ಶಕವಾಗಿಟ್ಟು, ಪಿಎನ್‌ಜಿ ಆಗಿ ಹೊರತೆಗೆದು ಟೈಮ್‌ಲೈನಿನ ಮೇಲಿನ ಸಾಲಿನಲ್ಲಿಡಿ. ಮೂಲ ಎಸ್‌ವಿಜಿ ಫೈಲನ್ನೂ ಪ್ರಾಜೆಕ್ಟಿನ ಜೊತೆಗೇ ಉಳಿಸಿಕೊಳ್ಳಿ. ಆಮಂತ್ರಿತರ ಹೆಸರಿನಲ್ಲಿ ಕಾಗುಣಿತ ತಪ್ಪು ಸಿಕ್ಕರೆ ತಿದ್ದಲು ಬೇಕಾಗುತ್ತದೆ.