ಆ ಮೂರಕ್ಷರದ ಸ್ಟಿಕ್ಕರ್ ಕಂಡು ಕೇಳಿದವರಿಗೆ

ವರ್ಜೀನಿಯಾಕ್ಕೆ ಬಂದು ಎರಡು ತಿಂಗಳಾಯಿತು, ಸಹೋದ್ಯೋಗಿಯ ಟ್ರಕ್ಕಿನ ಮೇಲೆ ಎನ್‌ಆರ್‌ಎ (ನ್ಯಾಷನಲ್ ರೈಫಲ್ ಅಸೋಸಿಯೇಷನ್, ಅಮೆರಿಕದ ಕೋವಿ ಪ್ರಿಯರ ಸಂಘ) ಸ್ಟಿಕ್ಕರ್ ಇದೆ, ಶನಿವಾರ ಗುಂಡು ಹಾರಿಸುವ ಮೈದಾನಕ್ಕೆ ಕರೆದಿದ್ದಾನೆ, ಹೋಗಲೇ, ಈ ಜನರಿಗೆ ಹೆದರಬೇಕೇ ಎಂದು ಕೇಳಿದ್ದೀರಿ.

ಮೊದಲು ಕಾನೂನು. ನೀವು ಬಂದಿರುವುದು ತಾತ್ಕಾಲಿಕ ನೌಕರಿಯ ಎಚ್‌-1ಬಿ ವೀಸಾದಲ್ಲಿ. ಬೇಟೆಯ ಪರವಾನಗಿ ಪಡೆದವರು ಮುಂತಾದ ಕೆಲವರನ್ನು ಬಿಟ್ಟರೆ, ಇಂಥ ವೀಸಾದವರು ಕೋವಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಮೈದಾನದಲ್ಲಿ ಐದು ನಿಮಿಷ ಕೈಯಲ್ಲಿ ಹಿಡಿದರೂ ಕುತ್ತು ಬರಬಹುದು. ವಕೀಲರನ್ನು ಕೇಳದೆ ದಯವಿಟ್ಟು ಮುಟ್ಟಬೇಡಿ.

ಇನ್ನು ಹೆದರಿಕೆಯ ಮಾತು. ನಾನು ಕೊಡಗಿನವನು. ಕೈಲ್‌ಪೊಳ್ದ್ ಎಂಬ ನಮ್ಮ ಆಯುಧಪೂಜೆಯ ಹಬ್ಬದ ದಿನ ಅಜ್ಜನ ಕೋವಿಯ ನಳಿಗೆಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಕೈಮುಗಿದು ಬೆಳೆದವನು. ಹಾಗಾಗಿ ಇಲ್ಲಿಯವರ ಕೋವಿಯ ಮೇಲಿನ ಮಮತೆ ನನಗೆ ಹೊಸದೆನಿಸಲಿಲ್ಲ. ಅರ್ಥವಾಗದೆ ಉಳಿದದ್ದು ಅವರ ಸಂಘದ ರಾಜಕೀಯ. ಅದರ ಚರಿತ್ರೆ ಓದಿದ ಮೇಲೆಯೇ ಅದು ತಿಳಿಯಿತು.

1871ರಲ್ಲಿ ನ್ಯೂಯಾರ್ಕಿನಲ್ಲಿ ಈ ಸಂಘ ಹುಟ್ಟಿದ್ದಕ್ಕೆ ಕಾರಣ ಕೆಟ್ಟ ಗುರಿ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಪಡೆಯ ಸೈನಿಕರಿಗೆ ನೆಟ್ಟಗೆ ಗುಂಡು ಹೊಡೆಯಲು ಬರುತ್ತಿರಲಿಲ್ಲವೆಂದು ನೊಂದ ವಿಲಿಯಂ ಚರ್ಚ್ ಮತ್ತು ಜಾರ್ಜ್ ವಿಂಗೇಟ್ ಅದನ್ನು ಕಟ್ಟಿದರು. ಜನರಲ್ ಬರ್ನ್‌ಸೈಡ್ ಮೊದಲ ಅಧ್ಯಕ್ಷರು. ಲಾಂಗ್ ಐಲೆಂಡಿನ ಕ್ರೀಡ್‌ಮೂರ್ ಎಂಬಲ್ಲಿ ಹೊಲ ಕೊಂಡು ಮೈದಾನ ಮಾಡಿದರು. 1874ರಲ್ಲಿ ಅಲ್ಲಿಯೇ ಐರ್ಲೆಂಡಿನ ತಂಡವನ್ನು ಸೋಲಿಸಿದರು. ಮುಂದೆ ನೂರು ವರ್ಷ ಸಂಘದ ಜೀವಾಳ ಸ್ಪರ್ಧೆ, ಬೇಟೆ, ಸುರಕ್ಷತೆಯ ಪಾಠಗಳೇ. 1934ರಲ್ಲಿ ಮೆಷಿನ್ ಗನ್‌ಗಳ ಮೇಲೆ ಕಾನೂನು ತರುವಾಗ ಅಂದಿನ ಅಧ್ಯಕ್ಷ, ಒಲಿಂಪಿಕ್ ಚಿನ್ನ ಗೆದ್ದಿದ್ದ ಕಾರ್ಲ್ ಫ್ರೆಡರಿಕ್, ಕಂಡಕಂಡವರು ಆಯುಧ ಹೊತ್ತು ತಿರುಗುವುದನ್ನು ತಾನು ಒಪ್ಪುವುದಿಲ್ಲ, ಅದಕ್ಕೆ ಪರವಾನಗಿ ಬೇಕು ಎಂದು ಸಂಸತ್ತಿನ ಸಮಿತಿಯ ಮುಂದೆಯೇ ಹೇಳಿದ್ದರು. ಇಂದು ಇದನ್ನು ಹೇಳಿದರೆ ಎಷ್ಟೋ ಜನ ನಂಬುವುದಿಲ್ಲ.

ತಿರುವು ಬಂದದ್ದು 1977ರ ಮೇ ತಿಂಗಳ ಒಂದು ರಾತ್ರಿ, ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ. ಕೆನಡಿ ಸಹೋದರರು ಮತ್ತು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಗಳ ಬಳಿಕ 1968ರಲ್ಲಿ ಕೋವಿಗಳ ಮೇಲೆ ಬಿಗಿ ಕಾನೂನು ಬಂದಿತ್ತು. ಸಂಘದ ಮುಖಂಡರು ಅದನ್ನು ಸರಿಯಾಗಿ ಎದುರಿಸಲಿಲ್ಲವೆಂಬ ಸಿಟ್ಟು ಒಳಗೆ ಕುದಿಯುತ್ತಿತ್ತು. ಅದರ ಮೇಲೆ ಪ್ರಧಾನ ಕಚೇರಿಯನ್ನು ರಾಜಧಾನಿಯಿಂದ ಕೊಲರಾಡೊಗೆ ಸಾಗಿಸಿ, ರಾಜಕೀಯ ಬಿಟ್ಟು ಬೇಟೆ, ಹೊರಾಂಗಣಗಳತ್ತ ಹೊರಳುವ ಯೋಜನೆ. ಸಂಘದೊಳಗೇ ಇದನ್ನು ವಿರೋಧಿಸಿದ ಹಾರ್ಲನ್ ಕಾರ್ಟರ್ ಮತ್ತು ನೀಲ್ ನಾಕ್ಸ್ ಕಡೆಯವರು ಕಿತ್ತಳೆ ಬಣ್ಣದ ಬೇಟೆ ಟೋಪಿ ಧರಿಸಿ, ವಾಕಿಟಾಕಿ ಹಿಡಿದು, ನಸುಕಿನವರೆಗೆ ಮತ ಹಾಕಿಸಿ ಮುಖಂಡರನ್ನು ಕೆಳಗಿಳಿಸಿದರು. ಕೋವಿ ಕಾನೂನುಗಳನ್ನು ವಿರೋಧಿಸುವ, ನೀವು ಟಿವಿಯಲ್ಲಿ ನೋಡುವ ಸಂಘ ಹುಟ್ಟಿದ್ದು ಆ ರಾತ್ರಿಯೇ ಎಂಬುದು ನನ್ನ ಖಚಿತ ಅಭಿಪ್ರಾಯ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಆಳಿದ ವೇಯ್ನ್ ಲಾಪಿಯರ್ 2024ರಲ್ಲಿ ರಾಜೀನಾಮೆ ಕೊಟ್ಟರು. ಸಂಘದ ಹಣ ದುರ್ಬಳಕೆಯಾಯಿತೆಂದು ನ್ಯೂಯಾರ್ಕಿನ ಜ್ಯೂರಿ ತೀರ್ಪಿತ್ತಿತು.

ನನ್ನ ಪಕ್ಕದ ಮನೆಯ ಹಿರಿಯರ ಟೋಪಿಯ ಮೇಲೂ ಅದೇ ಮೂರಕ್ಷರ. ಮೊಮ್ಮಗಳಿಗೆ ಅವರು ಕಲಿಸುವುದನ್ನು ಬೇಲಿಯಾಚೆಯಿಂದ ನೋಡಿದ್ದೇನೆ: ಖಾಲಿ ಕೋವಿ, ಟ್ರಿಗರಿನಿಂದ ದೂರ ಚಾಚಿದ ಪುಟ್ಟ ಬೆರಳು. ಅದೇ ಪಾಠವನ್ನು ಇಡೀ ಮಧ್ಯಾಹ್ನ ಮಾಡಿಸಿದರು. ನಮ್ಮ ಅಜ್ಜನೂ ಹೀಗೆಯೇ.

ನಿಮ್ಮ ಸಹೋದ್ಯೋಗಿಗೆ ವೀಸಾದ ವಿಷಯ ನೇರವಾಗಿ ಹೇಳಿ, ಬೇಸರಿಸಿಕೊಳ್ಳುವುದಿಲ್ಲ. ಕಾಫಿಗೆ ಕೂತಾಗ ಅವನ ತಂದೆಯೂ ಸದಸ್ಯರಾಗಿದ್ದರೇ, ಯಾವ ವರ್ಷ ಸೇರಿದ್ದರು ಎಂದು ಕೇಳಿ.